ಶೇ. 40ರ ಲೆಕ್ಕ: ಎಲ್ಲರನ್ನೂ ಒಟ್ಟಿಗೆ ಎಣಿಸಬೇಡಿ

ಕೊಡಗಿನ ಗೋಣಿಕೊಪ್ಪದಲ್ಲಿ ಕೂತು ನಾವು ಕಾಫಿ ತೋಟದ ಕೂಲಿ ಲೆಕ್ಕಕ್ಕೆ ಒಂದು ಆ್ಯಪ್ ಮಾಡುತ್ತಿದ್ದೇವೆ, ತಿಂಗಳ ಚಂದಾದ್ದು. ಗ್ರಾಹಕರ ಸಂಶೋಧನೆ ಕಲಿಯಲು ಶುರು ಮಾಡಿದ್ದು ಈ ಕೊಯ್ಲಿನಲ್ಲೇ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಚಂದಾ ಬಿಡುವವರ ಲೆಕ್ಕ ಸುಲಭ. ತಿಂಗಳಿಗೆ 5% ಹೋದರೆ ವರ್ಷದ ಕೊನೆಗೆ 100ರಲ್ಲಿ 54 ಮಂದಿ ಉಳಿಯುತ್ತಾರೆ. ಅದಕ್ಕೇ ಹೊಸಬರನ್ನು ಹುಡುಕುವ ಮೊದಲು ಇರುವವರನ್ನು ಕೇಳಬೇಕು.

ಏನು ಕೇಳುವುದು? ಸ್ಟಾರ್ಟಪ್ ಮಾರ್ಕೆಟಿಂಗ್‌ನ ಷಾನ್ ಎಲಿಸ್ ಜನಪ್ರಿಯ ಮಾಡಿದ ಪ್ರಶ್ನೆ ಇದು: ಈ ಆ್ಯಪ್ ಇನ್ನು ಸಿಗುವುದಿಲ್ಲ ಅಂದರೆ ನಿಮಗೆ ಹೇಗನಿಸುತ್ತದೆ? ತುಂಬಾ ಬೇಜಾರು, ಸ್ವಲ್ಪ ಬೇಜಾರು, ಏನೂ ಅನಿಸುವುದಿಲ್ಲ. "ತುಂಬಾ ಬೇಜಾರು" ಅಂದವರು 40% ದಾಟಿದರೆ ಆ್ಯಪ್ ಜನರಿಗೆ ನಿಜವಾಗಿ ಬೇಕಾಗಿದೆ ಎಂದರ್ಥ.

ನಾನು ಸಿಕ್ಕಿಹಾಕಿಕೊಂಡದ್ದು ಇಲ್ಲೇ. ನಮಗೆ ಉತ್ತರ ಕೊಟ್ಟವರು 30 ಮಂದಿ, ತುಂಬಾ ಬೇಜಾರು ಅಂದವರು 9. ಅಂದರೆ 30%. ಫೇಲ್ ಅಂದುಕೊಂಡು, "ಏನೂ ಅನಿಸುವುದಿಲ್ಲ" ಅಂದವರನ್ನು ಒಲಿಸಲು ಎರಡು ದಿನ ಕೂತು ಪಟ್ಟಿ ಮಾಡಿದೆ. ಅದು ತಪ್ಪು. ಆ 30 ಮಂದಿಯನ್ನು ಮೊದಲು ಬೇರೆ ಮಾಡಬೇಕಿತ್ತು. ರೈಟರ್ (ತೋಟದ ಲೆಕ್ಕ ಬರೆಯುವವರು) ಇಟ್ಟುಕೊಂಡ ತೋಟಗಳು 14, ಅದರಲ್ಲಿ ತುಂಬಾ ಬೇಜಾರು 7, ಅಂದರೆ 50%. ಮನೆಯವರೇ ನೋಡಿಕೊಳ್ಳುವ ಸಣ್ಣ ತೋಟಗಳು 16, ಅದರಲ್ಲಿ 2 ಮಾತ್ರ. ಒಂದೇ ಆ್ಯಪ್, ಆದರೆ ಒಂದು ಗುಂಪಿಗೆ ಅದಿಲ್ಲದೆ ಆಗುವುದಿಲ್ಲ, ಇನ್ನೊಂದಕ್ಕೆ ಡೈರಿ ಸಾಕು! ಒಟ್ಟು ಸರಾಸರಿ ಇವೆರಡನ್ನೂ ಮುಚ್ಚಿಬಿಟ್ಟಿತ್ತು. (14ರಲ್ಲಿ ಒಬ್ಬರು ಉತ್ತರ ಬದಲಿಸಿದರೂ 7% ಆಚೀಚೆ ಆಗುತ್ತದೆ, ಅದು ನೆನಪಿರಲಿ.)

ಆಮೇಲೆ ಆ 7 ಮಂದಿಗೆ ಏನು ಇಷ್ಟ ಅಂತ ಕೇಳಬೇಕು. ಅದನ್ನೇ ಇಷ್ಟಪಟ್ಟೂ "ಸ್ವಲ್ಪ ಬೇಜಾರು" ಅಂದವರಿಗೆ ಏನು ಅಡ್ಡಿ ಅಂತ ಕೇಳಬೇಕು. ಉಳಿದವರನ್ನು ಸದ್ಯಕ್ಕೆ ಬಿಡಬೇಕು, ಮನಸ್ಸಿಗೆ ಕಷ್ಟವಾದರೂ. ಸೂಪರ್‌ಹ್ಯೂಮನ್ ಇಮೇಲ್ ಆ್ಯಪ್‌ನ ರಾಹುಲ್ ವೋರಾ "ತುಂಬಾ ಬೇಜಾರು" ಅನ್ನುವವರನ್ನು 22%ರಿಂದ 58%ಕ್ಕೆ ಏರಿಸಿದ್ದು ಈ ದಾರಿಯಲ್ಲೇ.

ಬೆಲೆ ಎಷ್ಟಿಡಬೇಕು ಅಂತ ತಿಳಿಯಲು ಡಚ್ ಅರ್ಥಶಾಸ್ತ್ರಜ್ಞ ವಾನ್ ವೆಸ್ಟೆನ್‌ಡಾರ್ಪ್ 1976ರಲ್ಲಿ ಕೊಟ್ಟ ನಾಲ್ಕು ಪ್ರಶ್ನೆಗಳಿವೆ: ಎಷ್ಟಾದರೆ ತೀರಾ ಜಾಸ್ತಿ, ಎಷ್ಟಾದರೆ ದುಬಾರಿ ಆದರೂ ಕೊಡಬಹುದು, ಎಷ್ಟಾದರೆ ಒಳ್ಳೆ ಬೆಲೆ, ಎಷ್ಟು ಕಡಿಮೆಯಾದರೆ ಅನುಮಾನ ಬರುತ್ತದೆ.

ಇನ್ನು ಮಾತುಕತೆ. "ಹೀಗೊಂದು ಸೌಲಭ್ಯ ಕೊಟ್ಟರೆ ಬಳಸುತ್ತೀರಾ?" ಅಂತ ಕೇಳಿದರೆ ನಮ್ಮ ಕಡೆ ಯಾರೂ ಇಲ್ಲ ಅನ್ನುವುದಿಲ್ಲ, ಕಾಫಿ ಕೊಟ್ಟು ಹೂಂ ಅನ್ನುತ್ತಾರೆ. ಆಗಿಹೋದದ್ದನ್ನೇ ಕೇಳಬೇಕು. ಪೊನ್ನಂಪೇಟೆ ಹತ್ತಿರ ಒಬ್ಬ ರೈಟರ್‌ಗೆ "ಕಳೆದ ಶನಿವಾರ ಬಟವಾಡೆ ಹೇಗೆ ಮಾಡಿದಿರಿ, ಬೆಳಗ್ಗೆಯಿಂದ ಹೇಳಿ" ಅಂದೆ. ಅವರು ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದರು. ಯಾರು ಎಷ್ಟು ಕೆ.ಜಿ. ಕುಯ್ದರು ಅಂತ ಪೆನ್ಸಿಲ್‌ನಲ್ಲಿ ಬರೆದಿತ್ತು, ಪುಟದ ಅಂಚೆಲ್ಲ ಮಣ್ಣು. ತೂಕದ ಜಾಗದಲ್ಲಿ ನೆಟ್‌ವರ್ಕ್ ಇಲ್ಲ. ಸಂಜೆ ಕೂಲಿಯವರ ಲೈನ್‌ಮನೆ ದಾಟಿ ರಸ್ತೆಗೆ ಬಂದು, ಅದನ್ನೇ ಮತ್ತೆ ನಮ್ಮ ಆ್ಯಪ್‌ಗೆ ಹಾಕುತ್ತಾರೆ. ಕೆಲಸ ಉಳಿಸುತ್ತೇವೆ ಅಂದವರು ಅವರಿಗೆ ಎರಡು ಸಲ ಬರೆಸುತ್ತಿದ್ದೆವು. ಅವರ ಸರ್ವೆ ಉತ್ತರ ತೆಗೆದು ನೋಡಿದೆ: "ಸ್ವಲ್ಪ ಬೇಜಾರು".

ನೆಟ್ ಇಲ್ಲದೆಯೂ ತೂಕ ಬರೆಯುವ ಪರದೆಯ ಕೆಲಸ ಸೋಮವಾರ ಶುರು ಮಾಡಿದೆವು. ಈ ವಾರ ಕುಟ್ಟದ ಕಡೆ ಇನ್ನಿಬ್ಬರು ರೈಟರ್‌ಗಳಿಗೆ ಅದೇ ಶನಿವಾರದ ಪ್ರಶ್ನೆ ಕೇಳಬೇಕು.