ನಾಲ್ಕು ಡಿಸ್ಕ್ ಸೇರಿಸಿ ಒಂದೇ ದೊಡ್ಡ ಡಿಸ್ಕ್ ಮಾಡಬಹುದಾ?

ಪ್ರಶ್ನೆ: ನಮ್ಮದು ಮದುವೆ ಫೋಟೋ, ವಿಡಿಯೊ ಸ್ಟುಡಿಯೊ. ಇಷ್ಟು ದಿನ ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕ್‌ಗಳಲ್ಲಿ ಇಡುತ್ತಿದ್ದೆವು. ಈಗ ಹಳೆಯ ಟವರ್ ಸರ್ವರ್ ಒಂದು ಸಿಕ್ಕಿದೆ. 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್ ತಂದಿದ್ದೇವೆ, ಲಿನಕ್ಸ್ ಹಾಕುತ್ತೇವೆ. ನಾಲ್ಕನ್ನೂ ಸೇರಿಸಿ ಒಂದೇ ದೊಡ್ಡ ಡಿಸ್ಕ್ ಮಾಡಬಹುದಾ? ರೇಡ್ 5 ಹಾಕಿ ಅಂತ ಕೆಲವರು, ಬೇಡ ಅಂತ ಕೆಲವರು ಹೇಳುತ್ತಾರೆ.

ಉತ್ತರ: ಮಾಡಬಹುದು. ಆದರೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ದಿನವನ್ನು ಕಲ್ಪಿಸಿಕೊಳ್ಳಿ. ಮದುವೆ ಸೀಸನ್. ಮೂರು ಆಲ್ಬಮ್ ಅದೇ ವಾರ ಕೊಡಬೇಕು. ಬೆಳಿಗ್ಗೆ ಬಂದು ನೋಡಿದರೆ ಒಂದು ಡಿಸ್ಕ್ ಕೈಕೊಟ್ಟಿದೆ. ಆ ದಿನ ನೀವು ಕೆಲಸ ಮುಂದುವರಿಸುತ್ತೀರಾ, ತಲೆ ಮೇಲೆ ಕೈ ಹೊತ್ತು ಕೂರುತ್ತೀರಾ ಅನ್ನೋದು ಇವತ್ತು ನೀವು ಮಾಡುವ ಜೋಡಣೆಯ ಮೇಲೆ ನಿಂತಿದೆ.

ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕ್‌ನಂತೆ ಬಳಸುವ ವಿಧಾನ. 0, 5, 6, 10 ಅದರ ಬಗೆಗಳು. ಮೊದಲು ಲೆಕ್ಕ. ನಾಲ್ಕನ್ನೂ ರೇಡ್ 0 ಮಾಡಿದರೆ 16 ಟಿಬಿ ಪೂರ್ತಿ ಸಿಗುತ್ತದೆ, ಆದರೆ ಒಂದು ಹೋದರೆ ಎಲ್ಲವೂ ಹೋದಂತೆ. ಅದನ್ನು ಮರೆತುಬಿಡಿ. ರೇಡ್ 5ರಲ್ಲಿ 12 ಟಿಬಿ ಸಿಗುತ್ತದೆ, ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುತ್ತದೆ. ರೇಡ್ 6 ಮತ್ತು ರೇಡ್ 10 ಎರಡರಲ್ಲೂ 8 ಟಿಬಿ. ರೇಡ್ 6ರಲ್ಲಿ ಯಾವ ಎರಡು ಡಿಸ್ಕ್ ಹೋದರೂ ತಡೆದುಕೊಳ್ಳುತ್ತದೆ. ರೇಡ್ 10ರಲ್ಲಿ ಡಿಸ್ಕ್‌ಗಳು ಜೋಡಿ ಜೋಡಿಯಾಗಿರುತ್ತವೆ, ಜೋಡಿಯ ಎರಡರಲ್ಲೂ ಒಂದೇ ಡೇಟಾ. ಒಂದೇ ಜೋಡಿಯ ಎರಡೂ ಹೋಗಬಾರದು, ಅಷ್ಟೆ. (ಅಂದ ಹಾಗೆ, 4 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 3.63 ಟಿಬಿ ಅಂತ ಕಾಣಿಸಿದರೆ ಗಾಬರಿ ಬೇಡ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.)

ರೇಡ್ 5 ಬೇಡ ಅನ್ನುವವರ ಮಾತಿನಲ್ಲಿ ಹುರುಳಿದೆ. 1988ರಲ್ಲಿ ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಈ ವಿಧಾನಗಳಿಗೆ ರೇಡ್ ಅಂತ ಹೆಸರಿಟ್ಟಾಗ ಡಿಸ್ಕ್‌ಗಳು ತುಂಬಾ ಚಿಕ್ಕವು. ಸತ್ತ ಡಿಸ್ಕ್ ಬದಲು ಹೊಸದು ಹಾಕಿದರೆ, ಉಳಿದವುಗಳನ್ನು ಓದಿ ಅದನ್ನು ತುಂಬಿಸುವ ಕೆಲಸ (ರೀಬಿಲ್ಡ್) ಬೇಗ ಮುಗಿಯುತ್ತಿತ್ತು. ಈಗ 4 ಟಿಬಿ ಡಿಸ್ಕನ್ನು ಸೆಕೆಂಡಿಗೆ 150 ಎಂಬಿ ವೇಗದಲ್ಲಿ ತುಂಬಿಸಿದರೂ ಏಳೂವರೆ ಗಂಟೆ ಬೇಕು. ನಡುವೆ ನೀವು ಎಡಿಟಿಂಗ್ ಮಾಡುತ್ತಿದ್ದರೆ ಇನ್ನೂ ಜಾಸ್ತಿ. ಆ ಹೊತ್ತೆಲ್ಲ ಉಳಿದ ಮೂರು ಡಿಸ್ಕ್‌ಗಳನ್ನು ಮೊದಲಿಂದ ಕೊನೆಯವರೆಗೆ ಓದಲೇಬೇಕು. ಒಂದೇ ದಿನ ಕೊಂಡು, ಒಂದೇ ಪೆಟ್ಟಿಗೆಯಲ್ಲಿ ಒಂದೇ ಬಿಸಿಯಲ್ಲಿ ದುಡಿದ ಡಿಸ್ಕ್‌ಗಳು ಅವು. ಇನ್ನೊಂದು ಆಗಲೇ ಕೈಕೊಟ್ಟರೆ ಮುಗಿಯಿತು. ರೇಡ್ 10ರಲ್ಲಿ ಸತ್ತ ಡಿಸ್ಕ್‌ನ ಜೊತೆಗಾರನನ್ನು ಮಾತ್ರ ಓದಿದರೆ ಸಾಕು. 8 ಟಿಬಿ ಸಾಕಾಗುವುದಾದರೆ ನಾನು ರೇಡ್ 10 ಹಾಕುತ್ತೇನೆ.

ಇನ್ನು ಜೋಡಣೆ. ಮುಂಭಾಗದಲ್ಲಿ ಎಳೆದು ತೆಗೆಯುವ ಟ್ರೇಗಳಿದ್ದರೆ ಒಳಗೆ ಬ್ಯಾಕ್‌ಪ್ಲೇನ್, ಅಂದರೆ ಡಿಸ್ಕ್‌ಗಳು ನೇರವಾಗಿ ಚುಚ್ಚಿಕೊಳ್ಳುವ ಬೋರ್ಡ್, ಇರುತ್ತದೆ. ಡಿಸ್ಕನ್ನು ಟ್ರೇಗೆ ಕೂರಿಸಿ ತಳ್ಳಿದರೆ ಆಯಿತು. ಅಲ್ಲಿಂದ ಸಾಮಾನ್ಯವಾಗಿ ಒಂದೇ ಮಿನಿ ಸ್ಯಾಸ್ ಕೇಬಲ್ ನಾಲ್ಕು ಡಿಸ್ಕ್‌ಗಳನ್ನೂ ಹೊತ್ತು ಹೋಗುತ್ತದೆ. ಸ್ಯಾಸ್, ಸಾಟಾ ಅಂದರೆ ಡಿಸ್ಕ್ ಜೋಡಿಸುವ ಎರಡು ಬಗೆ: ಸ್ಯಾಸ್ ಹೆಚ್ಚಾಗಿ ಸರ್ವರ್‌ಗಳಲ್ಲಿ, ಸಾಟಾ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ. ಸ್ಯಾಸ್ ಕಾರ್ಡ್‌ಗೆ ಸಾಟಾ ಡಿಸ್ಕ್ ಹಾಕಬಹುದು, ಸಾಟಾ ಪೋರ್ಟ್‌ಗೆ ಸ್ಯಾಸ್ ಡಿಸ್ಕ್ ಆಗುವುದಿಲ್ಲ. ಸೆಕೆಂಡ್‌ಹ್ಯಾಂಡ್ ಡಿಸ್ಕ್ ಕೊಳ್ಳುವಾಗ ಇದನ್ನು ನೋಡಿಕೊಳ್ಳಿ. ಬ್ಯಾಕ್‌ಪ್ಲೇನ್ ಇಲ್ಲದಿದ್ದರೆ ಪ್ರತಿ ಡಿಸ್ಕ್‌ಗೂ ಒಂದು ಸಾಟಾ ಕೇಬಲ್, ಒಂದು ಪವರ್ ಕನೆಕ್ಟರ್. ಪವರ್ ವಿಷಯದಲ್ಲಿ ಹುಷಾರು. ಡಿಸ್ಕ್ ತಿರುಗಲು ಶುರುವಾಗುವಾಗ ಒಂದೊಂದೂ 12 ವೋಲ್ಟ್‌ನಲ್ಲಿ ಸುಮಾರು 2 ಆಂಪ್ ಎಳೆಯುತ್ತದೆ. ನಾಲ್ಕನ್ನೂ ಒಂದೇ ಅಗ್ಗದ ಸ್ಪ್ಲಿಟರ್‌ಗೆ ನೇತುಹಾಕಬೇಡಿ, ಅಂಥವು ಸುಟ್ಟಿದ್ದುಂಟು.

ಬಯಾಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಡಿಸ್ಕ್ ಮೋಡ್ ಎಎಚ್‌ಸಿಐ ಇರಲಿ, ಅದು ಪ್ರತಿ ಡಿಸ್ಕನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಮದರ್‌ಬೋರ್ಡ್‌ನ ರೇಡ್ ಬೇಡ, ಲಿನಕ್ಸ್ ಒಳಗೇ ಇರುವ ಸಾಫ್ಟ್‌ವೇರ್ ರೇಡ್, ಅಂದರೆ ಎಂಡಿ ರೇಡ್ ಸಾಕು. ನಾಳೆ ಸರ್ವರ್ ಕೆಟ್ಟರೂ ನಾಲ್ಕು ಡಿಸ್ಕ್ ಬಿಚ್ಚಿ ಬೇರೆ ಲಿನಕ್ಸ್ ಯಂತ್ರಕ್ಕೆ ಹಾಕಿದರೆ ಅದು ಗುರುತು ಹಿಡಿಯುತ್ತದೆ. ಲಿನಕ್ಸ್ ಮಾತ್ರ ಬೇರೆ ಸಣ್ಣ ಎಸ್‌ಎಸ್‌ಡಿಯಲ್ಲಿರಲಿ.

ಈಗ ನಾನು ಅತಿ ಮುಖ್ಯ ಅಂದುಕೊಂಡಿರುವ ವಿಷಯ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ರೇಡ್ 5ರ ಒಂದು ಡಿಸ್ಕ್ ಸತ್ತಿತ್ತು. 'ಎಸ್‌ಡಿಸಿ' (ಲಿನಕ್ಸ್ ಆ ಡಿಸ್ಕ್‌ಗೆ ಕೊಟ್ಟ ಹೆಸರು) ಹೋಗಿದೆ ಅಂತ ಪರದೆ ಹೇಳಿತು. ಎ, ಬಿ, ಸಿ ಅಂತ ಎಣಿಸಿ ನಾನು ಮೂರನೇ ಟ್ರೇ ಎಳೆದೆ. ಅದು ಚೆನ್ನಾಗಿದ್ದ ಡಿಸ್ಕ್. ಎಲ್ಲವೂ ನಿಂತುಹೋಯಿತು. ಬಲವಂತವಾಗಿ ಮತ್ತೆ ಜೋಡಿಸಿ ಡೇಟಾ ಉಳಿಸುವಷ್ಟರಲ್ಲಿ ಬೆಳಗಾಗಿತ್ತು. ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳು ಟ್ರೇಯ ಸಾಲನ್ನು ಹೇಳುವುದಿಲ್ಲ. ಮರುಬೂಟ್ ಮಾಡಿದರೆ ಅದಲು ಬದಲಾಗಲೂಬಹುದು. ಆದ್ದರಿಂದ ಡಿಸ್ಕ್ ಒಳಗೆ ಹಾಕುವ ಮೊದಲೇ ಅದರ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಟ್ರೇ ಮುಂದೆ ಅಂಟಿಸಿ. ಲಿನಕ್ಸ್‌ನಲ್ಲಿ ಯಾವ ಹೆಸರಿಗೆ ಯಾವ ಸೀರಿಯಲ್ ನಂಬರ್ ಅಂತ ಸುಲಭವಾಗಿ ನೋಡಬಹುದು. ಮೌಂಟ್ ಮಾಡುವಾಗಲೂ (ಲಿನಕ್ಸ್‌ನಲ್ಲಿ ಬಳಕೆಗೆ ತೆರೆಯುವಾಗ) ಈ ಹೆಸರುಗಳ ಬದಲು ಯುಯುಐಡಿ, ಅಂದರೆ ಮರುಬೂಟ್ ಮಾಡಿದರೂ ಬದಲಾಗದ ಗುರುತಿನ ಸಂಖ್ಯೆ, ಬಳಸಿ.

ರೇಡ್ ಇದೆ ಅಂತ ಬ್ಯಾಕಪ್ ಬಿಡಬೇಡಿ. ಯಾರೋ ತಪ್ಪಿ ಒಂದು ಮದುವೆಯ ಫೋಲ್ಡರ್ ಅಳಿಸಿದರೆ ಅದು ನಾಲ್ಕೂ ಡಿಸ್ಕ್‌ಗಳಿಂದ ಆ ಕ್ಷಣವೇ ಅಳಿಯುತ್ತದೆ. ನಿಮ್ಮ ಹಳೆಯ ಎಕ್ಸ್‌ಟರ್ನಲ್ ಡಿಸ್ಕ್‌ಗಳು ಇವೆಯಲ್ವಾ, ಅವನ್ನೇ ಇದಕ್ಕೆ ಬಳಸಿ. ಎರಡು ಬ್ಯಾಕಪ್ ಪ್ರತಿ ಮಾಡಿ, ಅವುಗಳಲ್ಲಿ ಒಂದು ಯಾವಾಗಲೂ ಮನೆಯಲ್ಲಿರಲಿ. ಕರೆಂಟ್ ಹೋಗಿ ಬರುವ ಊರಾದರೆ ಯುಪಿಎಸ್ ಬೇಕೇ ಬೇಕು.

ಎಲ್ಲ ಆದ ಮೇಲೆ, ಒಂದು ಮದುವೆಯ ಫೋಟೋನೂ ಹಾಕುವ ಮೊದಲು, ಒಂದಷ್ಟು ಬೇಡದ ಫೈಲ್ ತುಂಬಿಸಿ. ಸರ್ವರ್ ಆಫ್ ಮಾಡಿ ಒಂದು ಡಿಸ್ಕ್ ತೆಗೆದು ಮತ್ತೆ ಆನ್ ಮಾಡಿ. ಫೈಲ್‌ಗಳು ತೆರೆಯುತ್ತವಾ? ಡಿಸ್ಕ್ ಹೋದರೆ ಬರುವಂತೆ ನೀವು ಹೊಂದಿಸಿಟ್ಟ ಎಚ್ಚರಿಕೆಯ ಇಮೇಲ್ ನಿಮ್ಮ ಫೋನಿಗೆ ಬಂತಾ? ಪರದೆಯ ಪಟ್ಟಿಯಿಂದ ಕಾಣೆಯಾದ ಸೀರಿಯಲ್ ನಂಬರ್, ಖಾಲಿ ಟ್ರೇ ಮೇಲಿನ ಚೀಟಿ ಎರಡೂ ಒಂದೇನಾ? ಡಿಸ್ಕ್ ವಾಪಸ್ ಸೇರಿಸಿ, ರೀಬಿಲ್ಡ್ ಮುಗಿಯಲು ಎಷ್ಟು ಹೊತ್ತು ಬೇಕಾಯಿತು ಅಂತ ಬರೆದಿಡಿ.