ಹಾರ್ಡ್ ಡಿಸ್ಕ್ ಸದ್ದು ಮಾಡುತ್ತಿದೆ, ಫಾರ್ಮ್ಯಾಟ್ ಮಾಡಿಸಿದರೆ ಸರಿಹೋಗುತ್ತದೆಯೇ?

ಪ್ರಶ್ನೆ: ಮನೆಯ ಫೋಟೊ, ವಿಡಿಯೊ ಎಲ್ಲವೂ ಇರುವ 2 ಟಿಬಿ ಪೋರ್ಟಬಲ್ ಡಿಸ್ಕ್ ಈಚೆಗೆ ಟಕ್ ಟಕ್ ಎನ್ನುತ್ತಿದೆ, ಫೋಲ್ಡರ್ ತೆರೆಯಲು ಬಹಳ ಹೊತ್ತು ಹಿಡಿಯುತ್ತಿದೆ. ಫಾರ್ಮ್ಯಾಟ್ ಮಾಡಿಸಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಮಾಡಿಸಲೇ? (ಮಂಡ್ಯದ ಓದುಗರೊಬ್ಬರು)

ಉತ್ತರ: ಬೇಡ. ಒಳಗಿರುವುದೆಲ್ಲ ಇನ್ನೊಂದು ಡಿಸ್ಕಿಗೆ ಹೋಗುವವರೆಗೆ ಆ ಮಾತನ್ನೇ ಎತ್ತಬೇಡಿ. ದಸರಾ ಕಳೆದ ಮೇಲೂ ಮದುವೆಯ ಹಂಗಾಮಿನ ಕೊನೆಗೂ ಈ ಪ್ರಶ್ನೆ ತಪ್ಪದೆ ಬರುತ್ತದೆ, ನಾನೂ ತಪ್ಪದೆ ಇದೇ ಉತ್ತರ ಬರೆಯುತ್ತೇನೆ.

ಮೊದಲು ಕೇಬಲ್ಲಿನ ಅನುಮಾನ ತೀರಿಸಿಕೊಳ್ಳಿ. ಇಂಥ ಡಿಸ್ಕಿಗೆ ಯುಎಸ್‌ಬಿಯಿಂದಲೇ 5 ವೋಲ್ಟ್ ವಿದ್ಯುತ್ ಬರುವುದರಿಂದ, ಕೇಬಲ್ ಸವೆದು ಕರೆಂಟು ಸಾಲದಾದಾಗಲೂ ಇದೇ ಸದ್ದು ಬರಬಹುದು. ಬೇರೆ ಕೇಬಲ್ ಹಾಕಿ, ಕಂಪ್ಯೂಟರಿನ ಹಿಂಬದಿಯ ಪೋರ್ಟಿಗೆ ನೇರವಾಗಿ ಚುಚ್ಚಿ ಒಮ್ಮೆ ನೋಡಿ. ಆಗಲೂ ಸದ್ದು ನಿಲ್ಲದಿದ್ದರೆ ಮತ್ತೆ ಮತ್ತೆ ಚುಚ್ಚಿ ನೋಡುವುದು ಬೇಡ. ಓದಿ ಬರೆಯುವ ಹೆಡ್ ಕೆಟ್ಟಿದ್ದರೆ ಅದು ಡೇಟಾ ಇರುವ ತಟ್ಟೆಯನ್ನೇ ಗೀಚಬಹುದು. ಕಡತಗಳು ಕಾಣುತ್ತಿದ್ದರೆ ಬಹಳ ಬೇಕಾದದ್ದನ್ನು ಮೊದಲು ಕಾಪಿ ಮಾಡಿಕೊಳ್ಳಿ, ಕಾಣದಿದ್ದರೆ ಡೇಟಾ ರಿಕವರಿ ಮಾಡುವವರಲ್ಲಿಗೆ ಒಯ್ಯಿರಿ.

ಕಾಪಿ ಮುಗಿದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ 05, ಸಿ5, ಸಿ6 ಎಂಬ ಸಾಲುಗಳ ಕೊನೆಯ ಅಂಕಣವನ್ನು ನೋಡಿ. ಕೆಟ್ಟದ್ದೆಂದು ಬದಲಾಯಿಸಲಾದ ಸೆಕ್ಟರುಗಳ (ತಟ್ಟೆಯ ಮೇಲೆ ಡೇಟಾ ಬರೆಯುವ ಪುಟ್ಟ ಜಾಗಗಳ) ಲೆಕ್ಕ 05ರಲ್ಲಿ, ಓದಲಾಗದೆ ತೀರ್ಮಾನಕ್ಕೆ ಕಾದಿರುವವುಗಳದ್ದು ಸಿ5ರಲ್ಲಿ, ತಪಾಸಣೆಯಲ್ಲೂ ಸರಿಪಡಿಸಲಾಗದವುಗಳದ್ದು ಸಿ6ರಲ್ಲಿ ಇರುತ್ತದೆ. ಅಲ್ಲಿನ ಅಂಕಿಗಳು ಹದಿನಾರರ ಲೆಕ್ಕದವು. 10 ಎಂದಿದ್ದರೆ ಅದು ಹದಿನಾರು.

ಫಾರ್ಮ್ಯಾಟಿನ ನಂಬಿಕೆ ಹುಟ್ಟಿದ್ದೂ ಈ ಸಿ5ರ ಸಾಲಿನಲ್ಲೇ. ಓದಲಾಗದ ಸೆಕ್ಟರನ್ನು ಡಿಸ್ಕ್ ತಾನಾಗಿ ಕೈಬಿಡುವುದಿಲ್ಲ, ಏಕೆಂದರೆ ಅದರಲ್ಲಿ ನಿಮ್ಮ ಡೇಟಾ ಇದೆ. ಅದರ ಮೇಲೆ ಹೊಸದಾಗಿ ಬರೆದಾಗ ಮಾತ್ರ, ಬರಹ ನಿಂತರೆ ಉಳಿಸಿಕೊಂಡು, ನಿಲ್ಲದಿದ್ದರೆ ಮೀಸಲು ಸೆಕ್ಟರನ್ನು ಅದರ ಜಾಗಕ್ಕೆ ತರುತ್ತದೆ. ವಿಸ್ಟಾ ಎಂಬ ಆವೃತ್ತಿಯಿಂದ ಈಚೆಗೆ ವಿಂಡೋಸಿನ ಪೂರ್ಣ ಫಾರ್ಮ್ಯಾಟ್ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುವುದರಿಂದ ಸಿ5 ಸೊನ್ನೆಗಿಳಿಯುತ್ತದೆ, ಡಿಸ್ಕ್ ಚುರುಕಾದಂತೆ ಕಾಣುತ್ತದೆ, ಅಂಗಡಿಯವರು ಗೆದ್ದರು ಎನ್ನಿಸುತ್ತದೆ. ಆದರೆ ಸವೆದ ಹೆಡ್ ಸವೆದೇ ಇರುತ್ತದೆ, 05ರ ಅಂಕಿ ಏರಿರಲೂಬಹುದು, ಮಗಳ ನಾಮಕರಣದ ವಿಡಿಯೊ ಇದ್ದಲ್ಲಿ ಈಗ ಬರೀ ಸೊನ್ನೆಗಳಿರುತ್ತವೆ, ಅವುಗಳ ಅಡಿಯಿಂದ ಅದನ್ನು ಯಾವ ರಿಕವರಿಯವರೂ ತೆಗೆದುಕೊಡಲಾರರು. ಕ್ವಿಕ್ ಫಾರ್ಮ್ಯಾಟ್ ಇಷ್ಟನ್ನೂ ಮಾಡುವುದಿಲ್ಲ. ಕಡತಗಳ ಪಟ್ಟಿಯನ್ನಷ್ಟೇ ಹೊಸದಾಗಿ ಬರೆದು, ಕೆಟ್ಟ ಜಾಗವನ್ನು ಇದ್ದಲ್ಲೇ ಬಿಡುತ್ತದೆ.

‘ತಂತ್ರಾಂಶ ಈಗ ಗುಡ್ ಅಂತ ತೋರಿಸುತ್ತಿದೆಯಲ್ಲ’ ಎಂದು ವಾದಿಸುವವರಿಗೆ ಇಷ್ಟು ಹೇಳುತ್ತೇನೆ. ಗೂಗಲ್ ತನ್ನ ಡಿಸ್ಕುಗಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳ ಪೈಕಿ ಶೇ. 56ಕ್ಕೂ ಹೆಚ್ಚಿನವು ಡಿಸ್ಕ್ ತಾನೇ ದಾಖಲಿಸುವ 05ರಂಥ ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿರಲಿಲ್ಲ. ಸೂಚನೆ ಕಂಡರೆ ನಂಬಿ. ಕಾಣದಿದ್ದರೆ ಅದನ್ನು ಆರೋಗ್ಯದ ಸರ್ಟಿಫಿಕೇಟೆಂದು ತಿಳಿಯಬೇಡಿ.

ಫಾರ್ಮ್ಯಾಟಿನಿಂದ ನಿಜವಾಗಿ ಗುಣವಾಗುವ ಒಂದು ಸಂದರ್ಭವಿದೆ: ಬರೆಯುತ್ತಿರುವಾಗಲೇ ಕರೆಂಟು ಹೋಗಿ ಸೆಕ್ಟರ್ ಅರ್ಧಕ್ಕೆ ನಿಂತದ್ದು. ಅಲ್ಲಿ ಮೇಲ್ಮೈ ಕೆಟ್ಟಿರುವುದಿಲ್ಲ, ಬರಹ ಮಾತ್ರ ಕೆಟ್ಟಿರುತ್ತದೆ. ಕರೆಂಟು ಹೋದೊಡನೆ ಡಿಸ್ಕ್ ತನ್ನ ತಟ್ಟೆಗಳ ತಿರುಗುವಿಕೆಯಿಂದಲೇ ವಿದ್ಯುತ್ ಪಡೆದು ಹೆಡ್ಡನ್ನು ಪಕ್ಕಕ್ಕೆ ಒಯ್ಯುತ್ತದಾದರೂ, ಅರ್ಧವಾದ ಬರಹವನ್ನು ಪೂರೈಸಲು ಅದಕ್ಕೆ ಯಾವಾಗಲೂ ಆಗುವುದಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ‘ನಮ್ಮ ಮನೆಯಲ್ಲಿ ಇನ್ವರ್ಟರ್ ಇದೆ’ ಎಂದು ನಿಶ್ಚಿಂತೆಯಿಂದಿರುವವರು ಅದನ್ನೊಮ್ಮೆ ಪರೀಕ್ಷಿಸಬೇಕು. ಮನೆಬಳಕೆಯ ಅನೇಕ ಇನ್ವರ್ಟರುಗಳಲ್ಲಿ ಯುಪಿಎಸ್ ಎಂದು ಗುರುತಿಸಿದ ಸ್ವಿಚ್ಚೊಂದಿರುತ್ತದೆ; ಅದು ಇನ್ನೊಂದು ಬದಿಗಿದ್ದರೆ ಬ್ಯಾಟರಿಗೆ ಬದಲಾಗುವುದು ತುಸು ತಡವಾಗಿ, ಫ್ಯಾನ್ ತಿರುಗುತ್ತಲೇ ಇರುವಾಗ ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಬಹುದು. ಸ್ವಿಚ್ ಸರಿಸಿಯೂ ಹಾಗೇ ಆದರೆ ಕಂಪ್ಯೂಟರಿಗೆಂದೇ ಪ್ರತ್ಯೇಕ ಯುಪಿಎಸ್ ತನ್ನಿ.