ಸೂನರ್: ಹೊತ್ತಿಗೆ ಮೊದಲೇ ನುಗ್ಗಿದವರು

ಇಂಗ್ಲಿಷಿನ ‘ಸೂನ್’ ಅಂದರೆ ಬೇಗ. ‘ಸೂನರ್’ ಅಂದರೆ ಅದಕ್ಕಿಂತ ಬೇಗ. ಇದು ಹೈಸ್ಕೂಲ್ ವ್ಯಾಕರಣ. ಆದರೆ ಅಮೆರಿಕದ ಓಕ್ಲಹೋಮ ರಾಜ್ಯದಲ್ಲಿ ಸೂನರ್ ಅಂದರೆ ಒಬ್ಬ ಮನುಷ್ಯ. ಒಂದು ಕಾಲದಲ್ಲಿ ಅದು ಕಳ್ಳ ಎಂದು ಬೈದ ಹಾಗೆ. ಈಗ ಅದು ರಾಜ್ಯದ ಅಡ್ಡಹೆಸರು: ಸೂನರ್ ಸ್ಟೇಟ್.

ನಾರ್ಮನ್ ಎಂಬ ಊರಿನಲ್ಲಿ ಓಕ್ಲಹೋಮ ವಿಶ್ವವಿದ್ಯಾಲಯ ಇದೆ. ಅಲ್ಲಿ ಫುಟ್‌ಬಾಲ್ ಪಂದ್ಯ ನಡೆಯುವಾಗ (ಅಮೆರಿಕದವರ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂಥದ್ದು) ತಮ್ಮ ತಂಡ ಅಂಕ ಗಳಿಸಿದ ತಕ್ಷಣ ಬಿಳಿ ಬಟ್ಟೆ ಹೊದಿಸಿದ ಒಂದು ಕಮಾನು ಗಾಡಿ ಮೈದಾನಕ್ಕೆ ನುಗ್ಗುತ್ತದೆ. ಎಳೆಯುವುದು ಎರಡು ಪುಟ್ಟ ಬಿಳಿ ಕುದುರೆ. ಒಂದರ ಹೆಸರು ಬೂಮರ್, ಇನ್ನೊಂದರದ್ದು ಸೂನರ್. ಗ್ಯಾಲರಿಯ ಒಂದು ಕಡೆಯವರು ‘ಬೂಮರ್’ ಎಂದು ಕೂಗಿದರೆ ಇನ್ನೊಂದು ಕಡೆಯವರು ‘ಸೂನರ್’ ಎಂದು ಉತ್ತರ ಕೊಡುತ್ತಾರೆ. 2019ರಲ್ಲಿ ಒಮ್ಮೆ ಗಾಡಿ ತಿರುವಿನಲ್ಲಿ ಮಗುಚಿ ಬಿತ್ತು. ಅವಸರಕ್ಕೇ ಹೆಸರಾದ ಗಾಡಿ, ಬೀಳದೆ ಇನ್ನೇನು ಅಂತ ನಗಬಹುದು. ಆದರೆ ಈ ಗಾಡಿ, ಈ ಎರಡು ಹೆಸರು ಎಲ್ಲಿಂದ ಬಂದವು ಅನ್ನುವುದು ನಗುವ ಕತೆಯಲ್ಲ. ಪೂರ್ತಿ ಅಳುವ ಕತೆಯೂ ಅಲ್ಲ.

ಮೊದಲು ರಾಜ್ಯದ ಹೆಸರು ನೋಡೋಣ. ಓಕ್ಲಹೋಮ ಇಂಗ್ಲಿಷ್ ಪದವಲ್ಲ. ಅದು ಚೊಕ್ಟಾ ಎಂಬ ಮೂಲನಿವಾಸಿಗಳ ಭಾಷೆಯದು. ‘ಓಕ್ಲ’ ಅಂದರೆ ಜನ, ‘ಹುಮ್ಮ’ ಅಂದರೆ ಕೆಂಪು. 1866ರಲ್ಲಿ ಅಮೆರಿಕ ಸರ್ಕಾರದ ಜೊತೆ ಒಪ್ಪಂದದ ಮಾತುಕತೆ ನಡೆಯುವಾಗ ಅಲೆನ್ ರೈಟ್ ಎಂಬ ಚೊಕ್ಟಾ ಮುಖಂಡ ಈ ಹೆಸರು ಸೂಚಿಸಿದರು. ಕೆಂಪು ಜನರ ನಾಡು ಅನ್ನುವ ಅರ್ಥದಲ್ಲಿ.

ಆ ಜನರಾದರೂ ಅಲ್ಲಿಗೆ ತಾವಾಗಿಯೇ ಬಂದವರಲ್ಲ. ಚೆರೋಕಿ, ಚೊಕ್ಟಾ, ಚಿಕಸಾ, ಮಸ್ಕೋಗಿ, ಸೆಮಿನೋಲ್ ಜನರ ಊರು ಇದ್ದದ್ದು ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ, ಫ್ಲಾರಿಡಾ ಕಡೆ. ಬಿಳಿಯರಿಗೆ ಅಲ್ಲಿ ಹತ್ತಿ ಬೆಳೆಯಬೇಕಿತ್ತು. 1830ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಕಾಲದಲ್ಲಿ ಒಂದು ಕಾನೂನು ಬಂತು. ಇವರನ್ನೆಲ್ಲ ಒಕ್ಕಲೆಬ್ಬಿಸಿ ಮಿಸಿಸಿಪ್ಪಿ ನದಿಯ ಆಚೆಗೆ ಕಳಿಸುವುದು ಅಂತ. ಚೆರೋಕಿಗಳನ್ನು 1838ರಿಂದ 1839ರ ನಡುವೆ, ಚಳಿಗಾಲದಲ್ಲಿ, ಹೆಂಗಸರು ಮಕ್ಕಳೆನ್ನದೆ ನಡೆಸಿಕೊಂಡು ಹೋದರು. ಹೊರಟ ಸುಮಾರು 16 ಸಾವಿರ ಮಂದಿಯಲ್ಲಿ ಸುಮಾರು 4 ಸಾವಿರ ಜನ ಸತ್ತರು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಆ ದಾರಿಗೆ ‘ಕಣ್ಣೀರಿನ ಹಾದಿ’ ಅಂತಲೇ ಹೆಸರು. ಹೊಸ ಜಾಗಕ್ಕೆ ಇಂಡಿಯನ್ ಟೆರಿಟರಿ ಎಂದು ಕರೆದು, ಇದು ಇನ್ನು ಮುಂದೆ ನಿಮ್ಮದೇ ಎಂದು ಬರೆದುಕೊಟ್ಟರು.

ಬರೆದುಕೊಟ್ಟದ್ದು ಎಷ್ಟು ದಿನ ಬಾಳಿತು? ಅಮೆರಿಕದ ಅಂತರ್ಯುದ್ಧದಲ್ಲಿ ಈ ಬುಡಕಟ್ಟುಗಳಲ್ಲಿ ಕೆಲವರು ದಕ್ಷಿಣದ ಪಕ್ಷ ವಹಿಸಿದ್ದರು. ಯುದ್ಧ ಮುಗಿದ ಮೇಲೆ, 1866ರ ಒಪ್ಪಂದಗಳಲ್ಲಿ, ಅದೇ ನೆಪವಾಗಿ ಅವರ ಭೂಮಿಯ ಅರ್ಧದಷ್ಟನ್ನು ಸರ್ಕಾರ ವಾಪಸ್ ತೆಗೆದುಕೊಂಡಿತು. ಹಾಗೆ ತೆಗೆದುಕೊಂಡದ್ದರಲ್ಲಿ ನಟ್ಟನಡುವಿನ ಸುಮಾರು 20 ಲಕ್ಷ ಎಕರೆ ಯಾವ ಬುಡಕಟ್ಟಿಗೂ ಹಂಚದೆ ಉಳಿಯಿತು. ಕಾಗದದ ಮೇಲೆ ಅದರ ಹೆಸರು ‘ಹಂಚದ ಭೂಮಿ’. ಜನರ ಬಾಯಲ್ಲಿ ‘ಖಾಲಿ ಜಾಗ’.

ಖಾಲಿ ಜಾಗ ಅಂತ ಗೊತ್ತಾದರೆ ಸುಮ್ನೆ ಇರುವವರು ಯಾರು? ಇಲ್ಲಿ ಬೂಮರ್‌ಗಳು ಬರುತ್ತಾರೆ. ಈಗಿನ ಹುಡುಗರು ‘ಬೂಮರ್ ಅಂಕಲ್’ ಅಂತ ಗೇಲಿ ಮಾಡ್ತಾರಲ್ಲ, ಆ ಬೂಮರ್ ಅಲ್ಲ. ಈ ಜಾಗವನ್ನು ಬಿಳಿಯರಿಗೆ ತೆರೆಯಬೇಕು ಎಂದು ಅಬ್ಬರಿಸಿ ಚಳವಳಿ ಮಾಡಿದವರು ಇವರು. ಇದಕ್ಕೆ ಕಿಡಿ ಹಚ್ಚಿದ್ದು 1879ರಲ್ಲಿ ಬಂದ ಒಂದು ಪತ್ರಿಕಾ ಲೇಖನ. ವಿಚಿತ್ರ ಅಂದರೆ ಅದನ್ನು ಬರೆದ ಇಲಿಯಾಸ್ ಬೌಡಿನಾಟ್ ಸ್ವತಃ ಚೆರೋಕಿ, ರೈಲು ಕಂಪನಿಗಳ ಪರ ಕೆಲಸ ಮಾಡುತ್ತಿದ್ದ ವಕೀಲ. ಆಮೇಲೆ ಡೇವಿಡ್ ಪೇನ್ ಎಂಬಾತ ಕಾನ್ಸಸ್‌ನಿಂದ ಗಾಡಿಗಳ ಸಾಲು ಕಟ್ಟಿಕೊಂಡು ಒಳಗೆ ಬಂದು ಡೇರೆ ಹಾಕುವುದು, ಸೈನಿಕರು ಹಿಡಿದು ಗಡಿ ಆಚೆ ಬಿಡುವುದು, ಅವನು ಮತ್ತೆ ಬರುವುದು. ಹೀಗೆ ವರ್ಷಗಟ್ಟಲೆ ನಡೆಯಿತು. ಪೇನ್ 1884ರಲ್ಲಿ ತೀರಿಕೊಂಡ. ಅವನ ಬದಲು ವಿಲಿಯಂ ಕೌಚ್ ಮುಂದಾಳಾದ. ಕೌಚ್ ಹೆಸರು ನೆನಪಿರಲಿ, ಮತ್ತೆ ಬರುತ್ತಾನೆ.

ಕೊನೆಗೆ ಸರ್ಕಾರ ಬಗ್ಗಿತು. 1889ರ ಮಾರ್ಚ್‌ನಲ್ಲಿ ಕಾನೂನು ಆಯಿತು. ಹೊಸ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ದಿನ ಗೊತ್ತು ಮಾಡಿದರು: ಏಪ್ರಿಲ್ 22, ಸೋಮವಾರ, ಮಧ್ಯಾಹ್ನ 12 ಗಂಟೆ. ಅವತ್ತು ಆ ಹೊತ್ತಿಗೆ ಗಡಿಯಲ್ಲಿ ನಿಲ್ಲಿ. ಸದ್ದು ಕೇಳಿದ ಮೇಲೆ ಓಡಿ. ಮೊದಲು ಯಾರು ಗೂಟ ನೆಡುತ್ತಾರೋ ಜಾಗ ಅವರದ್ದು. ಒಬ್ಬರಿಗೆ 160 ಎಕರೆ. ಐದು ವರ್ಷ ಅಲ್ಲೇ ವಾಸ ಮಾಡಿ, ಉತ್ತು ಬಿತ್ತಿದರೆ ಹಕ್ಕುಪತ್ರ.

ಭೂಮಿ ಹಂಚಲು ಓಟದ ಪಂದ್ಯ! ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫ್ ಎಸೆದು ‘ನಂದು’ ಅನ್ನುವ ಪದ್ಧತಿಯನ್ನೇ ಒಂದು ದೇಶದ ಸರ್ಕಾರ ಕಾನೂನು ಮಾಡಿದ ಹಾಗೆ.

ಆ ದಿನ ಸುಮಾರು 50 ಸಾವಿರ ಜನ ಸೇರಿದ್ದರು ಅನ್ನುತ್ತಾರೆ. 20 ಲಕ್ಷ ಎಕರೆಯನ್ನು 160ರಂತೆ ತುಂಡು ಮಾಡಿದರೆ ಸಿಗುವುದು ಹನ್ನೆರಡು ಸಾವಿರ ಚಿಲ್ಲರೆ ಜಾಗ. ಅಂದರೆ ಒಂದೊಂದು ತುಂಡಿಗೆ ನಾಲ್ಕು ಜನ. ಕುದುರೆ ಮೇಲೆ ಕೆಲವರು, ಕಮಾನು ಗಾಡಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ಕೆಲವರು, ಬರಿಗಾಲಲ್ಲಿ ಕೆಲವರು, ರೈಲಿನ ಡಬ್ಬಿಗಳ ಮೇಲೆ ಹತ್ತಿ ಕುಳಿತವರು ಬೇರೆ. ದಕ್ಷಿಣದ ರಾಜ್ಯಗಳ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಕಪ್ಪು ಜನರ ಕುಟುಂಬಗಳೂ ಇದ್ದವು. ಹನ್ನೆರಡಕ್ಕೆ ಸೈನಿಕರ ತುತ್ತೂರಿ, ಬಂದೂಕು. ಧೂಳೆದ್ದಿತು.

ಮೊದಲ ರೈಲು ಗತ್ರಿ ಎಂಬ ನಿಲ್ದಾಣಕ್ಕೆ ಬಂತು. ಇಳಿದವರು ಎದ್ದೂ ಬಿದ್ದೂ ಓಡಿ ನೋಡಿದರೆ, ಎದುರಿನ ಇಳಿಜಾರಿನಲ್ಲಿ ಆಗಲೇ ಬಿಳಿ ಡೇರೆಗಳು. ಗೂಟ ನೆಟ್ಟಾಗಿದೆ, ನಿವೇಶನ ಅಳೆದಾಗಿದೆ. ಇವರು ಎಲ್ಲಿಂದ ಬಂದರು? ಯಾವ ಕುದುರೆ ಇಷ್ಟು ಬೇಗ ಓಡುತ್ತದೆ?

ಯಾವ ಕುದುರೆಯೂ ಓಡಿರಲಿಲ್ಲ. ಇವರೇ ಸೂನರ್‌ಗಳು.

ಗೊತ್ತು ಮಾಡಿದ ಹೊತ್ತಿಗೆ ಮೊದಲೇ ಒಳಗೆ ಕಾಲಿಟ್ಟವರಿಗೆ ಭೂಮಿಯ ಮೇಲೆ ಎಂದಿಗೂ ಹಕ್ಕಿಲ್ಲ ಎಂದು ಕಾನೂನಿನಲ್ಲಿ ಸ್ಪಷ್ಟವಾಗಿತ್ತು. ಆ ನಿಯಮ ಮುರಿದವರಿಗೆ ಸೂನರ್ ಅನ್ನುವ ಹೆಸರು ಅಂಟಿತು. ಅವರಲ್ಲೂ ಬಗೆಬಗೆ. ರಾತ್ರಿ ಬೆಳದಿಂಗಳಲ್ಲಿ ಗಡಿ ದಾಟಿ ಬಂದು ಹಳ್ಳದ ಕೊರಕಲಿನಲ್ಲೋ ಪೊದೆಯಲ್ಲೋ ಅಡಗಿ ಕೂತವರು ‘ಮೂನ್‌ಶೈನರ್’ಗಳು. ಇವರು ಹನ್ನೆರಡಾಗುವ ತನಕ ಕಾದು, ಸುಮ್ನೆ ಎದ್ದು ಬಂದು ಗೂಟ ಹೊಡೆಯುತ್ತಿದ್ದರು. ಓಡಿ ಬಂದವರು ತಲುಪುವ ಹೊತ್ತಿಗೆ ಹಣೆಯ ಮೇಲೆ ಒಂದು ಹನಿ ಬೆವರೂ ಇಲ್ಲದ ಮನುಷ್ಯ ನೇಗಿಲು ಹಿಡಿದು ನಿಂತಿರುತ್ತಿದ್ದ. ಇನ್ನೊಂದು ಕತೆ ಈಗಲೂ ಅಲ್ಲಿ ಓಡಾಡುತ್ತದೆ: ಕೆಲವರು ತಮ್ಮ ಕುದುರೆಗೆ ಸೋಪಿನ ನೊರೆ ಹಚ್ಚಿ, ದೂರದಿಂದ ಓಡಿ ಬಂದು ಬೆವರಿದೆ ಎಂದು ತೋರಿಸುತ್ತಿದ್ದರಂತೆ. ಎಷ್ಟು ನಿಜವೋ, ಕತೆ ಕಟ್ಟಿದವನಿಗೆ ಮನುಷ್ಯರ ಪರಿಚಯ ಚೆನ್ನಾಗಿತ್ತು.

ಇವರಿಗಿಂತ ಜಾಣರು ಸರ್ಕಾರಿ ಸೂನರ್‌ಗಳು. ಮಾರ್ಷಲ್‌ಗಳು, ಸರ್ವೆಯವರು, ರೈಲ್ವೆ ಕೆಲಸಗಾರರು. ಇವರಿಗೆ ಕೆಲಸದ ಮೇಲೆ ಒಳಗಿರಲು ಅನುಮತಿ ಇತ್ತು. ಕಾವಲಿಗೆ ಬಂದವರೇ ಹನ್ನೆರಡು ಗಂಟೆ ಆದ ಕೂಡಲೇ ಗೂಟ ನೆಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಅಲ್ವಾ?

ಅಂಥ ಒಂದು ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಸ್ಮಿತ್ ಎಂಬ ರೈಲ್ವೆ ಕೆಲಸಗಾರ ಎಡ್ಮಂಡ್ ಬಳಿ ಹಳಿಯ ಪಕ್ಕದ ರೈಲ್ವೆ ಜಾಗದಲ್ಲಿ ಡೇರೆ ಹಾಕಿಕೊಂಡಿದ್ದ. ಹನ್ನೆರಡು ಹೊಡೆದ ಮೇಲೆ ಡೇರೆ ಕಿತ್ತು ಸ್ವಲ್ಪ ಆಚೆ, ಒಳ್ಳೆಯ ಹೊಲದಲ್ಲಿ ನೆಟ್ಟ. ಅಷ್ಟೇ ಅವನ ಓಟ. ನಾನು ಅನುಮತಿ ಇದ್ದೇ ಒಳಗಿದ್ದೆ, ಗಂಟೆಗೆ ಮೊದಲು ಏನೂ ಮಾಡಲಿಲ್ಲ ಅನ್ನುವುದು ಅವನ ವಾದ. 1893ರಲ್ಲಿ ಕೋರ್ಟ್ ಒಪ್ಪಲಿಲ್ಲ. ಒಳಗಿದ್ದೇ ಲಾಭ ಪಡೆದವರಿಗೆ ಹಕ್ಕಿಲ್ಲ ಎಂದು ಹೇಳಿತು. ಆದರೆ ಎಲ್ಲ ತಕರಾರೂ ಕೋರ್ಟಿನಲ್ಲಿ ಮುಗಿಯಲಿಲ್ಲ. ಮೇಲೆ ಬಂದ ಕೌಚ್ ಓಕ್ಲಹೋಮ ಸಿಟಿಯ ಮೊದಲ ಮೇಯರ್ ಆದ. ಒಂದು ಜಾಗದ ಜಗಳದಲ್ಲಿ ಗುಂಡೇಟು ತಿಂದು 1890ರ ಏಪ್ರಿಲ್‌ನಲ್ಲಿ ಸತ್ತ. ಓಟಕ್ಕೆ ಸರಿಯಾಗಿ ಒಂದು ವರ್ಷ ತುಂಬುತ್ತಿದ್ದ ಹೊತ್ತು.

ಮುಂದಿನ ಓಟಗಳಲ್ಲಿ ಸರ್ಕಾರ ಬುದ್ಧಿ ಕಲಿಯಲು ನೋಡಿತು. 1893ರ ಸೆಪ್ಟೆಂಬರ್ 16ರಂದು ಚೆರೋಕಿ ಔಟ್‌ಲೆಟ್ ಎಂಬ ಇನ್ನೂ ದೊಡ್ಡ ಪ್ರದೇಶ ತೆರೆದಾಗ ಒಂದು ಲಕ್ಷ ಜನ ಸೇರಿದರು. ಗಡಿಯಲ್ಲಿ ಬೂತ್ ಹಾಕಿ ಎಲ್ಲರಿಗೂ ಚೀಟಿ ಕೊಟ್ಟರು. ಬಿಸಿಲಲ್ಲಿ ಮೈಲುದ್ದ ಸಾಲು. ಸೂನರ್‌ಗಳು ಆಗಲೂ ಒಳಗಿದ್ದರು. ಕೊನೆಗೆ ಸೋತು, 1901ರಲ್ಲಿ ಲಾಟರಿ ಎತ್ತಿ ಭೂಮಿ ಹಂಚಿದರು. ಒಂದು ಪದ ಒಂದು ಪದ್ಧತಿಯನ್ನೇ ಮುಗಿಸಿತು ಅನ್ನಬಹುದು.

ಹಾಗಾದರೆ ಬೈಗುಳ ಹೆಮ್ಮೆ ಆದದ್ದು ಹೇಗೆ? ಒಂದು ದಿನದಲ್ಲಿ ಆದದ್ದಲ್ಲ. ಸೂನರ್ ಅಂದರೆ ಮೋಸಗಾರ ಎಂದು ದೂರು ಕೊಟ್ಟವರು ಸಾಯುತ್ತ ಬಂದರು. ಅವರ ಮಕ್ಕಳಿಗೆ ಆ ಹೊಲದ ಜಗಳ ಅಜ್ಜನ ಕತೆ. ಮೋಸ ಅನ್ನುವ ಭಾಗ ಮಾಸಿ, ಎಲ್ಲರಿಗಿಂತ ಮೊದಲು ಎದ್ದವ, ಚುರುಕಾದವ ಅನ್ನುವ ಭಾಗ ಉಳಿಯಿತು. ವಿಶ್ವವಿದ್ಯಾಲಯದ ತಂಡಕ್ಕೆ ಮೊದಲು ಬೇರೆ ಹೆಸರುಗಳಿದ್ದವು. 1908ರಿಂದ ‘ಸೂನರ್ಸ್’ ಎಂದಾಯಿತು. ತಮಾಷೆ ಅಂದರೆ ಬೂಮರ್‌ಗೂ ಸೂನರ್‌ಗೂ ಅಷ್ಟಕ್ಕಷ್ಟೇ. ಒಬ್ಬ ಜಾಗ ತೆರೆಯಿರಿ ಎಂದು ಕೂಗಿದವ, ಇನ್ನೊಬ್ಬ ಕೂಗದೆ ಒಳಗೆ ನುಸುಳಿದವ. ಈಗ ಇಬ್ಬರನ್ನೂ ಒಂದೇ ಗಾಡಿಗೆ ಕಟ್ಟಿದ್ದಾರೆ.

ರಾಜ್ಯ ತನ್ನ ಅಡ್ಡಹೆಸರಿಗೆ ತಕ್ಕ ಹಾಗೆ ನಡೆದುಕೊಂಡದ್ದೂ ಉಂಟು. ರಾಜ್ಯ ಆಗುವಾಗ ಕೇಂದ್ರ ಸರ್ಕಾರ ಒಂದು ಷರತ್ತು ಹಾಕಿತ್ತು: 1913ರವರೆಗೆ ರಾಜಧಾನಿ ಗತ್ರಿಯಲ್ಲೇ ಇರಬೇಕು. 1910ರ ಜೂನ್ 11ರಂದು ಜನಮತ ಹಾಕಿಸಿದರು, ಓಕ್ಲಹೋಮ ಸಿಟಿ ಗೆದ್ದಿತು. ಗವರ್ನರ್ ಚಾರ್ಲ್ಸ್ ಹ್ಯಾಸ್ಕೆಲ್ ತಡ ಮಾಡಲಿಲ್ಲ. ರಾಜ್ಯದ ಮುದ್ರೆಯನ್ನು ಗತ್ರಿಯಿಂದ ತರಿಸಿ, ಒಂದು ಹೋಟೆಲಿನಲ್ಲಿ ಕಚೇರಿ ತೆರೆದೇಬಿಟ್ಟರು. ಮುದ್ರೆಯನ್ನು ಒಗೆಯುವ ಬಟ್ಟೆಯ ಗಂಟಿನಲ್ಲಿ ಸುತ್ತಿ ತಂದರು ಅನ್ನುವುದು ಗತ್ರಿಯವರ ಕತೆ. ಇದೂ ಸುಪ್ರೀಂ ಕೋರ್ಟಿಗೆ ಹೋಯಿತು. 1911ರಲ್ಲಿ ಕೋರ್ಟ್, ರಾಜಧಾನಿ ಎಲ್ಲಿರಬೇಕು ಎನ್ನುವುದು ರಾಜ್ಯದ ಇಷ್ಟ ಎಂದಿತು. ಈ ಸಲ ಸೂನರ್ ಗೆದ್ದ.

ಇಷ್ಟರಲ್ಲಿ ಕೆಂಪು ಜನ ಎಲ್ಲಿ ಹೋದರು? ಓಟ ನಡೆದದ್ದು ಹೆಚ್ಚಾಗಿ ಪಶ್ಚಿಮ ಅರ್ಧದಲ್ಲಿ. ಪೂರ್ವದಲ್ಲಿ ಐದು ಬುಡಕಟ್ಟುಗಳ ಸರ್ಕಾರ, ಶಾಲೆ, ಕೋರ್ಟು ಇನ್ನೂ ಇದ್ದವು. ಅವರೆಲ್ಲರಿಗೂ ಸೇರಿದ್ದ ಜಮೀನನ್ನು ತುಂಡು ಮಾಡಿ, ಒಬ್ಬೊಬ್ಬರ ಹೆಸರಿಗೆ ಬರೆಯುವ ಕೆಲಸ ಶುರುವಾಯಿತು. ಹೆಸರಿಗೆ ಬಂದದ್ದನ್ನು ಸಾಲದ ಬಾಬ್ತಿಗೋ ಸಹಿಯ ಮೋಸಕ್ಕೋ ಕಳೆದುಕೊಂಡವರು ಲೆಕ್ಕವಿಲ್ಲ. 1905ರಲ್ಲಿ ಅವರು ಮಸ್ಕೋಗಿ ಊರಿನಲ್ಲಿ ಸೇರಿ, ನಮಗೆ ‘ಸಿಕ್ವೋಯ’ ಅನ್ನುವ ಬೇರೆ ರಾಜ್ಯ ಕೊಡಿ ಎಂದು ಸಂವಿಧಾನವನ್ನೇ ಬರೆದರು. ಚೆರೋಕಿ ಭಾಷೆಗೆ ಲಿಪಿ ಮಾಡಿಕೊಟ್ಟವರ ಹೆಸರು ಅದು. ವಾಷಿಂಗ್ಟನ್ ತಿರುಗಿ ನೋಡಲಿಲ್ಲ.

1907ರ ನವೆಂಬರ್ 16ರಂದು ಪಶ್ಚಿಮದ ಓಕ್ಲಹೋಮ ಟೆರಿಟರಿ, ಪೂರ್ವದ ಇಂಡಿಯನ್ ಟೆರಿಟರಿ ಎರಡನ್ನೂ ಸೇರಿಸಿ 46ನೇ ರಾಜ್ಯ ಮಾಡಿದರು. ಅವತ್ತು ಗತ್ರಿಯಲ್ಲಿ ಒಂದು ಅಣಕು ಮದುವೆ ನಡೆಯಿತು. ವರ, ಓಕ್ಲಹೋಮ ಟೆರಿಟರಿ ಮಹಾಶಯ. ವಧು, ಇಂಡಿಯನ್ ಟೆರಿಟರಿ ಕುಮಾರಿ. ಕನ್ಯೆಯ ಒಪ್ಪಿಗೆ ಕೇಳಿದವರಿಲ್ಲ ಎಂದು ನನಗೆ ಆ ಮದುವೆ ಸುದ್ದಿ ಓದಿದಾಗಲೆಲ್ಲ ಅನ್ನಿಸುತ್ತದೆ. ಪೂರ್ವದವರು ತಮ್ಮದೇ ರಾಜ್ಯ ಕೇಳಿ ಎರಡು ವರ್ಷ ತುಂಬಿ ಹೆಚ್ಚು ದಿನ ಕಳೆದಿರಲಿಲ್ಲ.

ಅಲ್ಲಿನ ಶಾಲೆಗಳಲ್ಲಿ ಏಪ್ರಿಲ್ 22ಕ್ಕೆ ಮಕ್ಕಳಿಗೆ ಟೋಪಿ ಹಾಕಿಸಿ, ಪುಟ್ಟ ಗಾಡಿ ಎಳೆಸಿ, ಆಟದ ಮೈದಾನದಲ್ಲಿ ಗೂಟ ನೆಡುವ ಓಟ ಆಡಿಸುವ ರೂಢಿ ಇತ್ತು. ಮೂಲನಿವಾಸಿ ಮನೆಗಳ ಮಕ್ಕಳು ಈ ಓಟದಲ್ಲಿ ಎಲ್ಲಿ ನಿಲ್ಲಬೇಕು? ಈ ಪ್ರಶ್ನೆ ಎದ್ದ ಮೇಲೆ ಹಲವು ಕಡೆ ನಿಲ್ಲಿಸಿದ್ದಾರೆ. ಓಕ್ಲಹೋಮ ಸಿಟಿಯಲ್ಲಿ ಮಾತ್ರ ಕಂಚಿನ ಓಟ ನಿಂತೇ ಇದೆ: ಪಾಲ್ ಮೂರ್ ಎಂಬ ಶಿಲ್ಪಿ ಮಾಡಿದ 45 ಪ್ರತಿಮೆಗಳು, ಕಾಲುವೆ ದಾಟುತ್ತಿರುವ ಕುದುರೆ, ಗಾಡಿ, ಜನ. ಎಲ್ಲ ನಿಜದ ಗಾತ್ರಕ್ಕಿಂತ ಒಂದೂವರೆ ಪಟ್ಟು ದೊಡ್ಡವು.

ಕತೆಗೆ ಇತ್ತೀಚಿನ ಒಂದು ತಿರುವೂ ಇದೆ. 2020ರ ಜುಲೈ 9ರಂದು ಸುಪ್ರೀಂ ಕೋರ್ಟ್ ಮೆಗರ್ಟ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಐವರು ನ್ಯಾಯಮೂರ್ತಿಗಳು ಪರ, ನಾಲ್ವರು ವಿರುದ್ಧ. ಮಸ್ಕೋಗಿಗಳಿಗೆ ಬರೆದುಕೊಟ್ಟ ಮೀಸಲು ಪ್ರದೇಶವನ್ನು ಸಂಸತ್ತು ಯಾವತ್ತೂ ರದ್ದು ಮಾಡಿಲ್ಲ, ಹಾಗಾಗಿ ಅದು ಇವತ್ತಿಗೂ ಇದೆ ಎಂದು. ಅಂದರೆ ಟಲ್ಸಾ ನಗರದ ಬಹುಭಾಗ ಕ್ರಿಮಿನಲ್ ಕಾನೂನಿನ ಲೆಕ್ಕದಲ್ಲಿ ಮೀಸಲು ನೆಲ. ಆಮೇಲೆ ಇನ್ನುಳಿದ ನಾಲ್ಕು ಬುಡಕಟ್ಟುಗಳ ನೆಲಕ್ಕೂ ಇದೇ ಅನ್ವಯಿಸಿತು. ರಾಜ್ಯ ಸರ್ಕಾರ ಇನ್ನೂ ಜಗ್ಗಾಡುತ್ತಿದೆ, 2022ರ ಇನ್ನೊಂದು ತೀರ್ಪಿನಲ್ಲಿ ಒಂದಿಷ್ಟು ಅಧಿಕಾರ ವಾಪಸ್ ಪಡೆಯಿತು.

ಈ ಬುಡಕಟ್ಟುಗಳು ವಾಹನಗಳಿಗೆ ತಮ್ಮದೇ ನಂಬರ್ ಪ್ಲೇಟ್ ಕೊಡುತ್ತವೆ. ಟಲ್ಸಾ ರಸ್ತೆಯಲ್ಲಿ ಮಸ್ಕೋಗಿ ನೇಷನ್ ಪ್ಲೇಟಿನ ಕಾರೊಂದರ ಹಿಂದಿನ ಗಾಜಿನ ಮೇಲೆ ‘ಬೂಮರ್ ಸೂನರ್’ ಸ್ಟಿಕ್ಕರ್ ಕಂಡರೆ ಅಚ್ಚರಿ ಪಡಬೇಡಿ. ಫುಟ್‌ಬಾಲ್ ಹುಚ್ಚು ಅವರಿಗೂ ಕಡಿಮೆ ಇಲ್ಲ.